ತನಿ ಶುರುವಾದಾಗ ಎದ್ದು ಹೋಗಬೇಡಿ

ಬೆಂಗಳೂರಿನಲ್ಲಿ ರಾಮನವಮಿ ಅಂದ್ರೆ ನನಗೆ ಮೊದಲು ನೆನಪಾಗುವುದು ಸಂಗೀತ, ಆಮೇಲೆ ಪಾನಕ, ಕೋಸಂಬರಿ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರು ಮಾಡಿದ ಕಚೇರಿಗಳಂತೂ ಹಬ್ಬದ ದಿನಕ್ಕೇ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತವೆ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕೂತು ಕೇಳುವ ಸುಖವೇ ಬೇರೆ. ಸೆಕೆ ಇರುತ್ತದೆ, ಹೊರಗಿನ ಹಾರನ್ ಕೇಳುತ್ತದೆ, ಆದರೂ ಪಿಟೀಲು ತೋಡಿ ರಾಗದ ಗಾಂಧಾರ ಸ್ವರವನ್ನು ಅಲುಗಿಸಿದ ಕೂಡಲೇ ಅದೆಲ್ಲ ಮರೆತೇ ಹೋಗುತ್ತದೆ.

ಬೇಜಾರು ಒಂದೇ. ಯಾವ ಸಭೆಗೆ ಹೋದರೂ ಅಷ್ಟೇ, ತನಿ ಆವರ್ತನ, ಅಂದ್ರೆ ಹಾಡು ನಿಂತು ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ತಕ್ಷಣ ಸಾಲು ಸಾಲಾಗಿ ಜನ ಎದ್ದು ಕಾಫಿಗೆ ಹೊರಡುತ್ತಾರೆ. ಅಷ್ಟು ಹೊತ್ತು ಹಾಡಿನ ಜೊತೆಗೇ ಇದ್ದ ಮೃದಂಗದವರಿಗೆ ಸಿಗುವುದೇ ಆ ಸ್ವಲ್ಪ ಸಮಯ, ಅಲ್ವಾ?

ಒಮ್ಮೆ ಕೂತು ಕೇಳಿ. ಆದಿತಾಳವಾದರೆ ಸುಮ್ನೆ ತೊಡೆ ಮೇಲೆ ತಾಳ ಹಾಕಿ: ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು, ಬೀಸು (ಅಂಗೈ ಮೇಲಾಗಿ ತಿರುಗಿಸುವುದು), ಮತ್ತೆ ಪೆಟ್ಟು, ಬೀಸು. ಎಂಟಾಯಿತು. ಮೃದಂಗ ಒಂದೊಂದು ಎಣಿಕೆಯನ್ನೂ ಮೂರಾಗಿ ಒಡೆಯುವ ತಿಶ್ರ ನಡೆಗೆ ತಿರುಗಿದಾಗ ಕೈ ತಪ್ಪಬಹುದು, ಪರವಾಗಿಲ್ಲ. ಘಟದವರು ಅದನ್ನೇ ಹಿಡಿದು ಉತ್ತರ ಕೊಡುತ್ತಾರೆ, ಇಬ್ಬರ ಸರದಿಯೂ ಚಿಕ್ಕದಾಗುತ್ತಾ ಬರುತ್ತದೆ, ಕೊನೆಗೆ ಒಟ್ಟಿಗೆ ಮುಕ್ತಾಯದತ್ತ ಒಯ್ಯುವ ಮೋಹರಾ ನುಡಿಸಿ, ಲೆಕ್ಕ ಹಾಕಿ ಹೆಣೆದ ಮುಕ್ತಾಯದ ಭಾಗವಾದ ಕೋರ್ವೆಯನ್ನು ಮೂರು ಸಲ ಬಾರಿಸಿ, ಹಾಡಿನ ಸಾಲು ಎತ್ತಿಕೊಳ್ಳುವ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಂದು ಸೇರುತ್ತಾರೆ. ಆಗ ಮೈ ಜುಮ್ಮೆನ್ನುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೃದಂಗದವರ ಬಲಗೈ ಚೆನ್ನಾಗಿ ಕಾಣುವ ಕಡೆ ಕೂರಿಸಿ.