ಬಿದ್ದಾಗ ಬಂದ ‘ಯವ್ವಾ’

"ಚೆನ್ನಾಗಿದೆ. ಇನ್ನೊಂದು ಸಲ ಹೇಳ್ತೀರಾ? ಸ್ವಲ್ಪ ಇನ್ನೂ ಇಂಡಿಯನ್ ಆಗಿ?"

ಗಾಜಿನ ಆ ಕಡೆ ಕೂತಿದ್ದ ನಿರ್ದೇಶಕ ಮರ್ಯಾದೆಯಿಂದಲೇ ಕೇಳಿದ. ನಾನು ಹುಬ್ಬಳ್ಳಿಯವನು. ಹುಟ್ಟಿದಾಗಿನಿಂದ ಇಂಡಿಯನ್. ಇನ್ನೂ ಜಾಸ್ತಿ ಆಗುವುದು ಹೇಗೆ ಅಂತ ಆ ಕ್ಷಣಕ್ಕೆ ಹೊಳೆಯಲೇ ಇಲ್ಲ.

ನಾನಿರುವುದು ವ್ಯಾಂಕೂವರ್‌ನಲ್ಲಿ. ಇಲ್ಲಿ ಸಿನಿಮಾ, ಕಾರ್ಟೂನು, ವಿಡಿಯೋ ಗೇಮ್ ಕೆಲಸ ಬಹಳ ನಡೆಯುತ್ತದೆ. ರಾಜ್ಯೋತ್ಸವಕ್ಕೆ ನಾವು ಮಾಡುವ ನಾಟಕದಲ್ಲಿ ನನ್ನನ್ನು ನೋಡಿದ್ದ ಗೆಳೆಯನೊಬ್ಬ ಒಂದು ಸಣ್ಣ ಸ್ಟುಡಿಯೋಗೆ ನನ್ನ ಹೆಸರು ಹೇಳಿದ. ಒಂದು ವಿಡಿಯೋ ಗೇಮಿನಲ್ಲಿ ಮಸಾಲೆ ಅಂಗಡಿಯವನ ಪಾತ್ರ. ಒಟ್ಟು ಇಪ್ಪತ್ತೆರಡು ಮಾತು. ಗೇಮ್‌ಗೆ ಧ್ವನಿ ಕೊಡುವಾಗ ಸಾಮಾನ್ಯವಾಗಿ ಎದುರಿಗೆ ಇನ್ನೊಬ್ಬ ನಟ ಇರುವುದಿಲ್ಲ. ಹಾಳೆಯಲ್ಲಿ ಸಾಲಾಗಿ ಮಾತುಗಳಿರುತ್ತವೆ. ಒಂದೊಂದನ್ನೂ ಎರಡು ಮೂರು ಥರ ಹೇಳಬೇಕು, ಅವರು ಒಂದನ್ನು ಆರಿಸಿಕೊಳ್ಳುತ್ತಾರೆ.

ಮೊದಲ ಸಲ ನಾನು ದಿನಾ ಮಾತಾಡುವ ಇಂಗ್ಲಿಷಿನಲ್ಲೇ ಹೇಳಿದೆ. ಅದರಲ್ಲಿ ನಮ್ಮೂರು ಇದ್ದೇ ಇದೆ. ‘ಎಗ್’ ಅನ್ನುವಾಗ ಮುಂದೆ ಒಂದು ‘ಯ’ ಬರುತ್ತದೆ. ‘ಓನರ್’ ಅನ್ನುವಾಗ ‘ವ’ ಬರುತ್ತದೆ. ಇವು ಬರುವುದು ನನಗೇ ಗೊತ್ತಾಗುವುದಿಲ್ಲ. ಒಮ್ಮೆ ಬರುತ್ತವೆ, ಒಮ್ಮೆ ಇಲ್ಲ. ಸಿಟ್ಟು ಬಂದಾಗ ಜಾಸ್ತಿ, ಆಫೀಸಿನ ಮೀಟಿಂಗಿನಲ್ಲಿ ಕಡಿಮೆ.

ಅವರಿಗೆ ಬೇಕಾದದ್ದು ಬೇರೆ. ಪ್ರತಿ ‘ಟ’ವನ್ನೂ ಗಟ್ಟಿಯಾಗಿ ಒತ್ತಬೇಕು. ಪ್ರತಿ ವಾಕ್ಯವನ್ನೂ ಜೋಕಾಲಿಯ ಹಾಗೆ ಏರಿಸಿ ಇಳಿಸಬೇಕು. ಕೇಳುವವರಿಗೆ ಗುರುತು ಸಿಗಬೇಕು ನೋಡಿ, ಅಂದ ನಿರ್ದೇಶಕ. ಆ ಗುರುತು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಅಮೆರಿಕದ ‘ದ ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಯವನು ಅಪು. ಅವನಿಗೆ ದಶಕಗಳ ಕಾಲ ಧ್ವನಿ ಕೊಟ್ಟವರು ಹ್ಯಾಂಕ್ ಅಜಾರಿಯಾ, ಭಾರತೀಯರಲ್ಲ. 2020ರಲ್ಲಿ ಇನ್ನು ಆ ಧ್ವನಿ ಕೊಡುವುದಿಲ್ಲ ಅಂತ ಅವರೇ ಹೇಳಿದರು. ಅಷ್ಟರಲ್ಲಿ ಆ ದನಿ ಇಲ್ಲಿನವರ ಕಿವಿಯಲ್ಲಿ ನಮ್ಮೆಲ್ಲರ ದನಿ ಆಗಿಬಿಟ್ಟಿತ್ತು. ಕೊನೆಗೆ ನಿಜವಾದ ಭಾರತೀಯನಾದ ನಾನೇ ಅದನ್ನು ಅನುಕರಿಸಬೇಕಾಯಿತು. ಮೂರನೇ ಸಲ ನಾನು ಅವರು ಕೇಳಿದ ಹಾಗೆಯೇ ಹೇಳಿದೆ. ಅದನ್ನೇ ಇಟ್ಟುಕೊಂಡರು. ಮನೆಗೆ ಬರುವಾಗ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಬೇಕು ಅನ್ನಿಸಲಿಲ್ಲ.

ಇದು ನಮಗೊಬ್ಬರಿಗೇ ಆದದ್ದಲ್ಲ. ವಿಡಿಯೋ ಗೇಮಿನ ಮಾರಿಯೋನನ್ನೇ ನೋಡಿ. 1996ರ ಸೂಪರ್ ಮಾರಿಯೋ 64ರಿಂದ 2023ರವರೆಗೆ ಆ ಇಟಲಿ ಪ್ಲಂಬರ್‌ನ ಧ್ವನಿ ಚಾರ್ಲ್ಸ್ ಮಾರ್ಟಿನೆ ಅವರದು. ಅವರು ಕ್ಯಾಲಿಫೋರ್ನಿಯಾದವರು. ಆ ದನಿಯಲ್ಲಿ ಪ್ರೀತಿ ಇದೆ, ಅದು ನನಗೂ ಇಷ್ಟ. ಆದರೆ ನನ್ನ ಸಹೋದ್ಯೋಗಿಯೊಬ್ಬಳ ಅಪ್ಪ ಇಟಲಿಯಿಂದ ಬಂದವರು. ಅವರು ಬಾಯಿ ತೆರೆದರೆ ಸಾಕು, ಅವಳ ಶಾಲೆಯ ಹುಡುಗರು ಮಾರಿಯೋನ ಹಾಗೆ ಕೂಗುತ್ತಿದ್ದರಂತೆ. ಆಮೇಲೆ ಅಪ್ಪ ಅವಳ ಶಾಲೆಗೆ ಬರುವುದನ್ನೇ ಬಿಟ್ಟರಂತೆ. ಇದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು.

2007ರ ಟೀಮ್ ಫೋರ್ಟ್ರೆಸ್ 2 ಗೇಮಿನಲ್ಲಿ ರಷ್ಯಾದ ದೈತ್ಯ ಹೆವಿ ಇದ್ದಾನೆ, ಸ್ಕಾಟ್ಲೆಂಡಿನ ಕುಡುಕ ಡೆಮೊಮ್ಯಾನ್ ಇದ್ದಾನೆ. ಇಬ್ಬರ ದನಿಯೂ ಗ್ಯಾರಿ ಶ್ವಾರ್ಟ್ಜ್ ಅನ್ನುವ ಒಬ್ಬ ನಟನದೇ. ಇನ್ನು ನಮ್ಮ ಧಾಲ್ಸಿಮ್. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಕೈಕಾಲು ಉದ್ದ ಚಾಚಿ, ಕೊರಳಿಗೆ ತಲೆಬುರುಡೆ ಕಟ್ಟಿಕೊಂಡು, ‘ಯೋಗ ಫೈರ್’ ಅಂತ ಬಾಯಿಂದ ಬೆಂಕಿ ಉಗುಳುತ್ತಿದ್ದ. ಅವನ ಹಿಂದೆ ಆನೆಗಳ ಸಾಲು. ಚಿಕ್ಕವನಿದ್ದಾಗ ನಾಣ್ಯ ಹಾಕಿ ಆಡುವಾಗ ನಾನು ಅವನನ್ನೇ ಆರಿಸುತ್ತಿದ್ದೆ. ನಮ್ಮವನು ಅಂತ ಇದ್ದದ್ದು ಅವನೊಬ್ಬನೇ ಅಲ್ವಾ.

ಬೇರೆಯವರ ದನಿಯಲ್ಲಿ ಮಾತಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಟನೆ ಅಂದರೆ ಅದೇ. ಅಂಜಲಿ ಭೀಮಾನಿ ಅಮೆರಿಕದ ನಟಿ. ಓವರ್‌ವಾಚ್ ಅನ್ನುವ ಗೇಮಿನಲ್ಲಿ ಹೈದರಾಬಾದಿನ ಸಿಮೆಟ್ರಾಳ ಧ್ವನಿ ಅವರದೇ. ಏಪೆಕ್ಸ್ ಲೆಜೆಂಡ್ಸ್‌ನಲ್ಲಿ ಲಂಡನ್ ಹುಡುಗಿಯ ಹಾಗೆ ಮಾತಾಡುವ ರಾಂಪಾರ್ಟ್ ಕೂಡ ಅವರೇ. ಎರಡೂ ಅವರ ಸ್ವಂತ ಉಚ್ಚಾರಣೆಯಲ್ಲ. ಆದರೂ ಕೇಳಿದರೆ ಇಬ್ಬರು ಬೇರೆ ಬೇರೆ ಹೆಣ್ಣುಮಕ್ಕಳು ಕಾಣುತ್ತಾರೆ. ಒಂದು ದೇಶ ಕಾಣುವುದಿಲ್ಲ.

ನಕಲಿ ದನಿ ಹೇಗೆ ಹುಟ್ಟುತ್ತದೆ ಅಂತ ನನಗೆ ಬೆಂಗಳೂರಿನ ಹಾಸ್ಟೆಲಿನಲ್ಲೇ ಗೊತ್ತಾಗಿತ್ತು. ನಾನು ಹುಬ್ಬಳ್ಳಿಯವನು ಅಂತ ಗೊತ್ತಾದ ಕೂಡಲೇ ಹುಡುಗರು ಪ್ರತಿ ಮಾತಿಗೂ ‘ರೀ’ ಸೇರಿಸಿ ಮಾತಾಡಲು ಶುರು ಮಾಡಿದರು. ಟೀವಿಯ ಕಾಮಿಡಿಯಲ್ಲೂ ಅದೇ. ನಾವು ‘ರೀ’ ಅನ್ನುತ್ತೇವೆ, ನಿಜ. ಆದರೆ ಯಾರಿಗೆ? ಮೇಷ್ಟ್ರಿಗೆ, ಬೀಗರಿಗೆ, ಗುರುತಿಲ್ಲದವರಿಗೆ. ಜೊತೆಗೆ ಗೋಲಿ ಆಡಿದ ಗೆಳೆಯನಿಗೆ ‘ಬರ್ರಿ’ ಅಂದರೆ ಅವನು ಮುನಿಸಿಕೊಂಡಾನು. ನಕಲಿ ಮಾಡುವವನಿಗೆ ‘ರೀ’ ಕೇಳಿಸುತ್ತದೆ, ಅದನ್ನು ಯಾರಿಗೆ ಅನ್ನುವುದಿಲ್ಲ ಅನ್ನುವುದು ಕೇಳಿಸುವುದಿಲ್ಲ. ಆ ಸ್ಟುಡಿಯೋದಲ್ಲೂ ಅದೇ ಆಗಿತ್ತು. ಮಸಾಲೆ ಅಂಗಡಿಯವನು ಗಿರಾಕಿಯ ಜೊತೆಗೂ, ತನ್ನ ಮಗಳ ಜೊತೆಗೂ ಒಂದೇ ರಾಗದಲ್ಲಿ ಮಾತಾಡಬೇಕಿತ್ತು.

ಕಳೆದ ಚಳಿಗಾಲದಲ್ಲಿ ಮಗಳ ಜೊತೆ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಆಡಿದೆ. 2017ರ ಗೇಮ್. ನಾಟಿ ಡಾಗ್ ಅನ್ನುವ ಕಂಪನಿ ಮಾಡಿದ್ದು. ಕಥೆಯ ದೊಡ್ಡ ಭಾಗ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕುವುದು ಗಣೇಶನ ದಂತ. ಹೊಯ್ಸಳರು, ಬೇಲೂರು, ಹಳೇಬೀಡು ಎಲ್ಲ ಹೆಸರೂ ಬರುತ್ತವೆ. ಟೀವಿಯಿಂದ ‘ಹಳೇಬೀಡು’ ಕೇಳಿಸಿದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. ‘ಳ’ ಇಲ್ಲ, ಇರಲಿ. ಹೇಳುವವಳು ಗೇಮಿನ ನಾಯಕಿ ಕ್ಲೋಯಿ. ಅವಳ ಅಪ್ಪ ಭಾರತದವನು, ಅವಳ ಮಾತು ಆಸ್ಟ್ರೇಲಿಯಾದ್ದು. ಅಂಥವಳ ನಾಲಿಗೆಗೆ ‘ಳ’ ಬಾರದೆ ಇರುವುದೇ ಸರಿ. ನನ್ನ ಮಗಳ ನಾಲಿಗೆಗೂ ಅದು ಬರುವುದಿಲ್ಲ. ಅವತ್ತು ಮಾತ್ರ "ಹಳೇಬೀಡು, ಹಳೇಬೀಡು" ಅಂತ ಹತ್ತು ಸಲ ಹೇಳಿ ನೋಡಿದಳು. ಬಂತೋ ಬಿಟ್ಟಿತೋ, ಅವಳು ಪ್ರಯತ್ನ ಪಟ್ಟಳು. ನನಗೆ ಅಷ್ಟು ಸಾಕಾಗಿತ್ತು.

ನನ್ನ ಆ ರೆಕಾರ್ಡಿಂಗಿನ ಕೊನೆಯ ಭಾಗ ಹೇಳಲೇಬೇಕು. ಮಾತೆಲ್ಲ ಮುಗಿದ ಮೇಲೆ ಕೂಗುಗಳು. ಗಂಟಲು ಹೋಗುತ್ತದೆ ಅಂತ ಇವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಗುದ್ದು ಬಿದ್ದಾಗ, ಕೈ ಸುಟ್ಟಾಗ, ಎತ್ತರದಿಂದ ಬಿದ್ದಾಗ. ನಿರ್ದೇಶಕ ಹೇಳಿದ: "ಛಾವಣಿಯಿಂದ ಬೀಳ್ತಾ ಇದ್ದೀರಿ."

ನಾನು ಕಣ್ಣು ಮುಚ್ಚಿದೆ. ಬಾಯಿಂದ "ಯವ್ವಾ!" ಅಂತ ಬಂತು.

ಅವನು ಗುಂಡಿ ಒತ್ತಿ ನಿಲ್ಲಿಸಿದ. ಆ ಶಬ್ದ ಏನು ಅಂತ ಕೇಳಿದ. ಅಮ್ಮನನ್ನು ಕರೆದೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ "ಅದು ಹಾಗೇ ಇರಲಿ" ಅಂದ. ಎರಡನೇ ಟೇಕ್ ಕೇಳಲಿಲ್ಲ.

ಗೇಮ್ ಬಂದ ಮೇಲೆ ಅಕ್ಕನ ಮಗನಿಗೆ ಆ ತುಣುಕು ಕಳಿಸಿದೆ. ಅವನು ಹುಬ್ಬಳ್ಳಿ ಮನೆಯ ಪಡಸಾಲೆಯಲ್ಲಿ ಫೋನಿನಲ್ಲಿ ಹಾಕಿದನಂತೆ. ಅಂಗಡಿಯವನ ಮಾತು ಯಾರಿಗೂ ನನ್ನದು ಅನ್ನಿಸಲಿಲ್ಲ. ಆಮೇಲೆ ಗೇಮಿನಲ್ಲಿ ಅಂಗಡಿಯವನು ಛಾವಣಿಯಿಂದ ಬಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳಂತೆ.

"ಏನಾತೋ ನನ್ನಪ್ಪಾ? ಎಲ್ಲೆ ಬಿದ್ದಿ?"