ಆಮ್ಲಜನಕ ಹೆಚ್ಚಿಸಲು ಹೋಗುವ ಕೈ

ಕಳೆದ ವಾರ ರಾತ್ರಿ ಪಾಳಿಯಲ್ಲಿ ನಮ್ಮ ನವಜಾತ ಶಿಶು ಘಟಕದ ಮೂರನೆಯ ವಾರ್ಮರ್‌ನಲ್ಲಿ 1,180 ಗ್ರಾಂ ತೂಕದ ಹೆಣ್ಣುಕೂಸು ಮಲಗಿತ್ತು. ತಾಯಿಯ ಹೊಟ್ಟೆಯಲ್ಲಿ ಇಪ್ಪತ್ತೊಂಬತ್ತೇ ವಾರ ಇದ್ದು ಬಂದದ್ದು. ಪಾದಕ್ಕೆ ಸುತ್ತಿದ ಪ್ರೋಬ್‌ನ ಬೆಳಕು ತೆಳು ಚರ್ಮವನ್ನು ಹಾದು ಬಂದು ಇಡೀ ಪಾದವೇ ಕೆಂಡದ ತುಣುಕಿನಂತೆ ಕಾಣುತ್ತಿತ್ತು. ಮಾನಿಟರ್‌ನಲ್ಲಿ 92 ಇದ್ದ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ, 88ಕ್ಕೆ ಇಳಿದು ಅಲಾರಂ ಕೂಗಿದಾಗ, ಕೆಲಸಕ್ಕೆ ಸೇರಿ ಎರಡು ತಿಂಗಳೂ ತುಂಬದ ಹುಡುಗಿಯ ಕೈ ನೇರವಾಗಿ, ಗಾಳಿಗೆ ಆಮ್ಲಜನಕ ಬೆರೆಸುವ ಬ್ಲೆಂಡರ್‌ನ ಗುಂಡಿಗೆ ಹೋಯಿತು. ನಾನು ಆ ಕೈಯನ್ನು ತಡೆದು, ಮೊದಲು ಕೂಸನ್ನು ನೋಡು ಎಂದೆ. ಮೂಗಿನಲ್ಲಿದ್ದ ಪ್ರಾಂಗ್ ಒಂದು ಕಡೆ ಜಾರಿತ್ತು, ಕುತ್ತಿಗೆ ತುಸು ಬಾಗಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಸಂಖ್ಯೆ ಮೆಲ್ಲಗೆ 91ಕ್ಕೆ, ಆಮೇಲೆ 93ಕ್ಕೆ ಏರಿತು. ಬ್ಲೆಂಡರ್ ಇದ್ದಲ್ಲೇ, ಶೇಕಡಾ 28ರಲ್ಲೇ ಉಳಿಯಿತು.

ಆ ಹುಡುಗಿಯನ್ನು ನಾನು ಗದರಲಿಲ್ಲ, ಏಕೆಂದರೆ ಆ ಕೈ ನನಗೆ ಚೆನ್ನಾಗಿ ಗೊತ್ತು. 2006ರಲ್ಲಿ ನರ್ಸಿಂಗ್ ಮುಗಿಸಿ ಉತ್ತರ ಕರ್ನಾಟಕದ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿದಾಗ ಅಲ್ಲಿ ಬ್ಲೆಂಡರ್ ಇರಲಿಲ್ಲ, ಕೂಸುಗಳಿಗೆಂದು ಬೇರೆ ಪಲ್ಸ್ ಆಕ್ಸಿಮೀಟರ್ ಕೂಡ ಇರಲಿಲ್ಲ. ಸಿಲಿಂಡರ್‌ನಿಂದ ಹೊರಟ ಅಪ್ಪಟ ಆಮ್ಲಜನಕ ನೀರಿನ ಬಾಟಲಿಯಲ್ಲಿ ಗುಳುಗುಳು ಎನ್ನುತ್ತ ಹಾದು ನೇರವಾಗಿ ಕೂಸಿನ ತಲೆಯ ಮೇಲಿನ ಹುಡ್‌ಗೆ ಸೇರುತ್ತಿತ್ತು. ತುಟಿ ಗುಲಾಬಿ ಬಣ್ಣದಲ್ಲಿದ್ದರೆ ನಮಗೆ ಸಮಾಧಾನ, ಸ್ವಲ್ಪ ಕಪ್ಪಿಟ್ಟಂತೆ ಕಂಡರೆ ಫ್ಲೋಮೀಟರ್‌ನ ಗುಂಡು ಇನ್ನೊಂದು ಗೆರೆ ಮೇಲೇರುತ್ತಿತ್ತು. ಅಲ್ಲಿ ಏಳೂವರೆ ತಿಂಗಳಿಗೆ ಹುಟ್ಟಿದ, 1,400 ಗ್ರಾಂ ತೂಕದ ಒಂದು ಗಂಡುಕೂಸನ್ನು ನಾವು ಮೂರು ವಾರ ಕಾಪಾಡಿ ಮನೆಗೆ ಕಳಿಸಿದೆವು. ಡಿಸ್ಚಾರ್ಜ್ ಕಾರ್ಡಿನಲ್ಲಿ ತೂಕ, ವಿಟಮಿನ್ ಹನಿ, ಲಸಿಕೆಯ ದಿನಾಂಕ ಎಲ್ಲವೂ ಇದ್ದವು; ಕಣ್ಣಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಐದನೆಯ ತಿಂಗಳಿಗೆ ತಾಯಿ ಅವನನ್ನು ಎತ್ತಿಕೊಂಡು ಬಂದು, "ಸಿಸ್ಟರ್, ಕೂಸು ನನ್ನ ಮಾರಿ ನೋಡಿ ನಗಂಗಿಲ್ರಿ" ಎಂದಳು. ಕಿಟಕಿಯ ಬೆಳಕಿಗೆ ಹಿಡಿದಾಗ ಕಣ್ಣಿನ ಕರಿ ಬೊಂಬೆ ಇರಬೇಕಾದ ಜಾಗದಲ್ಲಿ ಬೂದುಬಿಳುಪು ಕಂಡಿತು. ಎರಡೂ ಕಣ್ಣುಗಳಲ್ಲಿ. ದೊಡ್ಡ ಊರಿನ ಕಣ್ಣಿನ ವೈದ್ಯರು ನೋಡಿ, ಕಾಲ ಮೀರಿದೆ ಎಂದು ಹೇಳಿ ಕಳಿಸಿದರು.

ಆ ಕಾಯಿಲೆಯ ಹೆಸರು ಆರ್‌ಒಪಿ, ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರಕ್ಕೆ, ಬರುವ ರೋಗ. ರೆಟಿನಾದ ರಕ್ತನಾಳಗಳು ಕಣ್ಣಿನ ನರದ ಬಳಿಯಿಂದ ಹೊರಟು ಅಂಚಿನ ಕಡೆಗೆ ಬೆಳೆಯುತ್ತವೆ, ಮತ್ತು ಆ ಬೆಳವಣಿಗೆ ಮುಗಿಯುವುದು ಹೆಚ್ಚುಕಡಿಮೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಬೇಗ ಹುಟ್ಟಿದ ಕೂಸಿನಲ್ಲಿ ಅವು ನಡುದಾರಿಯಲ್ಲಿರುತ್ತವೆ. ಗರ್ಭದಲ್ಲಿ ಸಿಗುತ್ತಿದ್ದುದಕ್ಕಿಂತ ಬಹಳ ಹೆಚ್ಚಿನ ಆಮ್ಲಜನಕ ಒಮ್ಮೆಲೇ ಸಿಕ್ಕಾಗ, ಇನ್ನಷ್ಟು ನಾಳ ಬೇಕು ಎಂದು ಕೇಳುವ ರಾಸಾಯನಿಕ ಸಂಕೇತವೇ ನಿಂತು ನಾಳಗಳ ಬೆಳವಣಿಗೆ ಸ್ಥಗಿತಗೊಳ್ಳುತ್ತದೆ. ಕೆಲವು ವಾರಗಳ ನಂತರ, ರಕ್ತ ತಲುಪದ ಅಂಚಿನ ಭಾಗ ಹಸಿದು ಅದೇ ಸಂಕೇತವನ್ನು ಅತಿಯಾಗಿ ಕಳಿಸತೊಡಗುತ್ತದೆ. ಆಗ ಹುಟ್ಟುವ ನಾಳಗಳು ದಿಕ್ಕುಗೆಟ್ಟು ಬೆಳೆದು, ಸೋರಿ, ಗಾಯದ ಪದರವಾಗಿ, ಕೊನೆಗೆ ರೆಟಿನಾವನ್ನೇ ಕಿತ್ತು ಎಳೆಯುತ್ತವೆ. ಹೊರಗಿನಿಂದ ನೋಡುವವರಿಗೆ ಈ ಎಲ್ಲ ವಾರಗಳಲ್ಲಿ ಕೂಸಿನ ಕಣ್ಣು ಸಹಜವಾಗಿಯೇ ಕಾಣುತ್ತದೆ.

ಇದನ್ನು ತಿಳಿಯಲು ವೈದ್ಯಲೋಕ ತೆತ್ತ ಬೆಲೆಯ ಕಥೆಯನ್ನು ನಾನು ಬಹಳ ತಡವಾಗಿ ಓದಿದೆ. ಬಾಸ್ಟನ್‌ನ ಕಣ್ಣಿನ ವೈದ್ಯ ಥಿಯೋಡರ್ ಟೆರ್ರಿ ಈ ರೋಗವನ್ನು ಮೊದಲು ವರದಿ ಮಾಡಿದ್ದು 1942ರಲ್ಲಿ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ಇದರಿಂದ ದೃಷ್ಟಿ ಕಳೆದುಕೊಂಡರೆಂದು ಅಂದಾಜು. 1950ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಗಾಯಕ ಸ್ಟೀವೀ ವಂಡರ್ ಅವರಲ್ಲೊಬ್ಬರು. ವಿಚಿತ್ರವೆಂದರೆ ರೋಗ ಹೆಚ್ಚಾಗಿ ಕಂಡದ್ದು ಒಳ್ಳೆಯ ಸೌಲಭ್ಯವಿದ್ದ ಆಸ್ಪತ್ರೆಗಳಲ್ಲಿ. ವಿಟಮಿನ್, ಕಬ್ಬಿಣಾಂಶ, ಬೆಳಕು ಹೀಗೆ ಒಂದಾದ ಮೇಲೊಂದು ಕಾರಣವನ್ನು ಶಂಕಿಸಲಾಯಿತು.

ನನ್ನನ್ನು ಬಹಳ ಕಾಡಿದ್ದು ನ್ಯೂಯಾರ್ಕ್‌ನ ಮಕ್ಕಳ ವೈದ್ಯ ವಿಲಿಯಂ ಸಿಲ್ವರ್‌ಮನ್ ತಾವೇ ಬಿಚ್ಚಿಟ್ಟ ಪ್ರಸಂಗ. 1949ರ ಸುಮಾರಿಗೆ ಅವರು ಎಸಿಟಿಎಚ್ ಎಂಬ ಹಾರ್ಮೋನನ್ನು ಈ ರೋಗದ ಆರಂಭಿಕ ಲಕ್ಷಣವಿದ್ದ ಮಕ್ಕಳಿಗೆ ಕೊಟ್ಟು ನೋಡಿದರು. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೈದು ಮಕ್ಕಳು ಒಳ್ಳೆಯ ದೃಷ್ಟಿಯೊಂದಿಗೆ ಮನೆಗೆ ಹೋದರು. ಇಂಥ ಫಲಿತಾಂಶವನ್ನು ಕಣ್ಣಾರೆ ಕಂಡ ಯಾವ ವೈದ್ಯರು, ಯಾವ ದಾದಿಯರು ಔಷಧವನ್ನು ಸಂದೇಹಿಸುತ್ತಾರೆ? ಆದರೂ ಸರಿಯಾದ ಹೋಲಿಕೆಯಿಲ್ಲದೆ ಇಷ್ಟನ್ನೇ ನಂಬಲು ಅವರು ಒಪ್ಪಲಿಲ್ಲ. ಅವರು ಬಿಳಿ ಮತ್ತು ನೀಲಿ ಗೋಲಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಕಣ್ಣು ಹಾಯಿಸದೆ ಎತ್ತಿದ ಗೋಲಿಯ ಬಣ್ಣದಂತೆ ಯಾವ ಮಗುವಿಗೆ ಔಷಧ, ಯಾವ ಮಗುವಿಗೆ ಇಲ್ಲ ಎಂದು ನಿರ್ಧರಿಸಿದರು. ಔಷಧ ಪಡೆದವರಲ್ಲಿ ಮೂರನೆಯ ಒಂದು ಭಾಗ ಕುರುಡಾದರೆ ಪಡೆಯದವರಲ್ಲಿ ಐದನೆಯ ಒಂದು ಭಾಗ ಮಾತ್ರ, ಮತ್ತು ಸಾವುಗಳೂ ಔಷಧ ಪಡೆದವರಲ್ಲೇ ಹೆಚ್ಚು. ಈ ರೋಗದ ಆರಂಭಿಕ ಹಂತ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಹಾಗೆ ಇಳಿಯುವುದನ್ನೇ ಅವರು ಔಷಧದ ಗುಣವೆಂದು ಭಾವಿಸಿದ್ದರು. ಗೋಲಿಗಳ ಪೆಟ್ಟಿಗೆ ಬರುವ ಮೊದಲು ಪ್ರೀತಿಯಿಂದ, ನಂಬಿಕೆಯಿಂದ ಕೊಟ್ಟ ಔಷಧ ಎಷ್ಟು ಕಣ್ಣುಗಳನ್ನು ತೆಗೆದಿತ್ತೋ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮ್ಲಜನಕದ ಮೇಲೆ ಸಂಶಯದ ಬೆರಳು ತೋರಿಸಿದವರು ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್. ಮೂರು ಶಿಶು ಘಟಕಗಳನ್ನು ಹೋಲಿಸಿ, ಆಮ್ಲಜನಕವನ್ನು ಧಾರಾಳವಾಗಿ ಕೊಟ್ಟಲ್ಲಿ ರೋಗ ಹೆಚ್ಚು ಎಂದು ಅವರು 1951ರಲ್ಲಿ ಬರೆದರು. ಅದೇ ಹೊತ್ತಿಗೆ ವಾಷಿಂಗ್ಟನ್‌ನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಲ್ ಪಾಟ್ಜ್ ಎಂಬ ಯುವ ವೈದ್ಯರು ಒಂದು ಗುಂಪಿಗೆ ನಿರಂತರ ಹೆಚ್ಚು ಆಮ್ಲಜನಕ, ಇನ್ನೊಂದು ಗುಂಪಿಗೆ ಅಗತ್ಯವಿದ್ದಷ್ಟೇ ಎಂದು ಹಂಚಿ ಪರೀಕ್ಷೆಗೆ ತೊಡಗಿದರು. ಕಡಿಮೆ ಆಮ್ಲಜನಕ ಸಿಗಬೇಕಾದ ಕೂಸುಗಳಿಗೆ ಅಲ್ಲಿನ ದಾದಿಯರು ರಾತ್ರಿಯ ಹೊತ್ತು ಗುಟ್ಟಾಗಿ ಗುಂಡಿ ತಿರುಗಿಸಿ ಹೆಚ್ಚಿಸುತ್ತಿದ್ದರು; ಈ ವೈದ್ಯರು ಮಕ್ಕಳನ್ನು ಉಸಿರುಗಟ್ಟಿಸಿ ಕೊಲ್ಲುತ್ತಿದ್ದಾರೆಂದು ಅವರಿಗೆ ನಿಜವಾಗಿಯೂ ಅನಿಸಿತ್ತು. ನಾನು ಆ ದಾದಿಯರನ್ನು ಹೀಗಳೆಯಲಾರೆ. ಬೆಳಗಿನ ಜಾವ ಮೂರು ಗಂಟೆಗೆ, ಅಂಗೈಯಗಲದ ಎದೆ ಒಳಕ್ಕೆ ಕುಸಿದು ಏಳುವುದನ್ನು ನೋಡುತ್ತ ಒಬ್ಬಳೇ ನಿಂತವಳಿಗೆ ಸಂಶೋಧನೆಯ ನಿಯಮಾವಳಿ ಬಹಳ ದೂರದ ಸಂಗತಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಮಾಡಿದ್ದೇನೆ ಕೂಡ.

ಮುಂದೆ 1953 ಮತ್ತು 1954ರಲ್ಲಿ ಅಮೆರಿಕದ ಹದಿನೆಂಟು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಲ್ಲಿ ವಿಷಯ ಖಚಿತವಾಯಿತು. ಆಮ್ಲಜನಕವನ್ನು ಶೇಕಡಾ 40ರೊಳಗೆ ಕಟ್ಟಿಹಾಕಿದ ಮೇಲೆ ಕುರುಡುತನ ಥಟ್ಟನೆ ಇಳಿಯಿತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ ಎಂಬುದನ್ನು ನಮ್ಮ ಹೊಸ ಹುಡುಗಿಯರಿಗೆ ನಾನು ತಪ್ಪದೆ ಹೇಳುತ್ತೇನೆ. ಭಯದಿಂದ ಆಮ್ಲಜನಕವನ್ನು ವಿಪರೀತ ಬಿಗಿಹಿಡಿದ ವರ್ಷಗಳಲ್ಲಿ, ಒಂದು ಮಗುವಿನ ಕಣ್ಣು ಉಳಿಸಲು ಸುಮಾರು ಹದಿನಾರು ಮಕ್ಕಳು ಪ್ರಾಣ ತೆತ್ತಿರಬಹುದೆಂದು ಬ್ರಿಟನ್ನಿನ ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿದರು. ಆ ಪರೀಕ್ಷೆ ಕಣ್ಣಿನ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಬದುಕಿನ ಪ್ರಶ್ನೆಯನ್ನು ಸಾಕಷ್ಟು ಕೇಳಿರಲಿಲ್ಲ.

ಪಾದಕ್ಕೆ ಪ್ರೋಬ್ ಕಟ್ಟಿ ಸ್ಯಾಚುರೇಶನ್ ಅಳೆಯುವ ಕಾಲ ಬಂದ ಮೇಲೂ ಎಷ್ಟಿರಬೇಕು ಎಂಬುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರವಿತ್ತು. 2010ರಲ್ಲಿ ಪ್ರಕಟವಾದ ಸಪೋರ್ಟ್ ಎಂಬ ಅಧ್ಯಯನದಲ್ಲಿ 24ರಿಂದ 27 ವಾರಗಳೊಳಗೆ ಹುಟ್ಟಿದ 1,316 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಒಂದಕ್ಕೆ 85ರಿಂದ 89, ಇನ್ನೊಂದಕ್ಕೆ 91ರಿಂದ 95 ಎಂದು ಗುರಿಯಿಟ್ಟರು. ಬದುಕುಳಿದವರಲ್ಲಿ ತೀವ್ರ ಆರ್‌ಒಪಿ ಮೊದಲ ಗುಂಪಿನಲ್ಲಿ ಶೇಕಡಾ 8.6, ಎರಡನೆಯದರಲ್ಲಿ 17.9. ಇಷ್ಟನ್ನೇ ಓದಿದವರು ಕಡಿಮೆಯೇ ಒಳ್ಳೆಯದು ಎಂದುಕೊಂಡಾರು. ಆದರೆ ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇಕಡಾ 19.9, ಎರಡನೆಯದರಲ್ಲಿ 16.2. ಇಂಥ ಐದು ಅಧ್ಯಯನಗಳ ಸುಮಾರು ಐದು ಸಾವಿರ ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ನೋಡಿದಾಗಲೂ ಇದೇ ಕಂಡಿತು: ಕಡಿಮೆ ಗುರಿಯಲ್ಲಿ ಕಣ್ಣಿನ ಚಿಕಿತ್ಸೆ ಕಡಿಮೆ, ಸಾವು ಹೆಚ್ಚು. ಕಣ್ಣಿಗೆ ಚಿಕಿತ್ಸೆಯಿದೆ, ಸಾವಿಗಿಲ್ಲ. ನಮ್ಮ ಮಾನಿಟರ್‌ನ ಅಲಾರಂ 90ಕ್ಕೆ ಕೆಳಗೂ 95ಕ್ಕೆ ಮೇಲೂ ಕೂಗುವಂತೆ ಇಟ್ಟಿರುವುದರ ಹಿಂದೆ ಆ ಸಾವಿರಾರು ಅಪರಿಚಿತ ಕೂಸುಗಳಿದ್ದಾವೆ. ಸಪೋರ್ಟ್ ಅಧ್ಯಯನದಲ್ಲಿ ಪೋಷಕರಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಅಪಾಯಗಳನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲವೆಂದು 2013ರಲ್ಲಿ ಅಮೆರಿಕದ ಸರ್ಕಾರಿ ಕಚೇರಿಯೇ ಆಕ್ಷೇಪಿಸಿತು. ಆ ಆಕ್ಷೇಪ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಸಂಶೋಧನೆ ಬೇಕು ಎಂದು ವಾದಿಸುವವರು, ಕೂಸನ್ನು ಕೊಡುವ ತಾಯಿಗೆ ಅವಳ ಮಾತಿನಲ್ಲೇ ಎಲ್ಲವನ್ನೂ ತಿಳಿಸಲೂ ಬೇಕು.

ಚಿಕಿತ್ಸೆ ಇದೆ ಎಂದೆನಲ್ಲ, ಅದೂ ಪರೀಕ್ಷೆಗಳಿಂದಲೇ ಬಂದದ್ದು. 1988ರಲ್ಲಿ ವರದಿಯಾದ ಅಧ್ಯಯನದಲ್ಲಿ ರೆಟಿನಾದ ಅಂಚನ್ನು ಅತಿಶೀತದಿಂದ ಸುಡುವ ಚಿಕಿತ್ಸೆ ಕೆಟ್ಟ ಪರಿಣಾಮವನ್ನು ಸುಮಾರು ಅರ್ಧಕ್ಕಿಳಿಸಿತು. ಎರಡೂ ಕಣ್ಣಿಗೆ ರೋಗವಿದ್ದ ಕೂಸುಗಳಲ್ಲಿ ಒಂದಕ್ಕೆ ಚಿಕಿತ್ಸೆ ಮಾಡಿ ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದ್ದರು. ಈಗ ಅದರ ಜಾಗಕ್ಕೆ ಲೇಸರ್ ಬಂದಿದೆ, ಕೆಲವರಿಗೆ ಕಣ್ಣಿನೊಳಗೆ ಇಂಜೆಕ್ಷನ್ ಕೂಡ ಕೊಡುತ್ತಾರೆ. ಆದರೆ ಚಿಕಿತ್ಸೆಗಿರುವ ಅವಕಾಶ ಕೆಲವೇ ದಿನಗಳದ್ದು. ಅದನ್ನು ಹಿಡಿಯಬೇಕಾದರೆ ಸಕಾಲದಲ್ಲಿ ಯಾರಾದರೂ ಕಣ್ಣಿನೊಳಗೆ ನೋಡಿರಬೇಕು.

ಇಲ್ಲಿ ನಮ್ಮ ದೇಶದ ಮಾತು ಬೇರೆ. ಅಮೆರಿಕದಲ್ಲಿ 1,500 ಗ್ರಾಂಗಿಂತ ಹೆಚ್ಚು ತೂಕದ ಮಕ್ಕಳಲ್ಲಿ ತೀವ್ರ ರೋಗ ಅಪರೂಪ, ನಮ್ಮಲ್ಲಿ ಹಾಗಲ್ಲ. ಆದ್ದರಿಂದ ಭಾರತದಲ್ಲಿ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬುವ ಮೊದಲು ಹುಟ್ಟಿದ ಎಲ್ಲ ಶಿಶುಗಳಿಗೂ ಮೂವತ್ತು ದಿನದೊಳಗೆ ಕಣ್ಣಿನ ಪರೀಕ್ಷೆ ಆಗಬೇಕು, ತೀರಾ ಚಿಕ್ಕವರಿಗೆ ಇನ್ನೂ ಮೊದಲೇ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿ, ಇಂಥ ಪರೀಕ್ಷೆಯ ಸಲಹೆಯೇ ಸಿಗದೆ ದೃಷ್ಟಿ ಕಳೆದುಕೊಂಡ ಹುಡುಗಿಗೆ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಆದೇಶಿಸಿತು. ಆ ತೀರ್ಪಿನ ಸುದ್ದಿ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ನರ್ಸಿಂಗ್ ಹೋಮ್‌ನ ಆ ಡಿಸ್ಚಾರ್ಜ್ ಕಾರ್ಡು.

ಜಿಲ್ಲೆಗಳಲ್ಲಿ ಶಿಶುಗಳ ರೆಟಿನಾ ನೋಡಬಲ್ಲ ತಜ್ಞರೇ ಇಲ್ಲದಿರುವಾಗ ಪರೀಕ್ಷೆ ಹೇಗೆ ನಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿತು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ರೆಟ್‌ಕ್ಯಾಮ್ ಎಂಬ ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಊರೂರಿನ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ಸ್ಥಳದಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ, ಚಿತ್ರಗಳು ತಜ್ಞರ ಫೋನಿಗೆ ತಲುಪುತ್ತವೆ. ವೈದ್ಯರಲ್ಲದವರು ಇದನ್ನು ಮಾಡಬಹುದೇ ಎಂಬ ಸಂಶಯವನ್ನೂ ಅವರು ಬಾಯಿಮಾತಿಗೆ ಬಿಡದೆ, ತಂತ್ರಜ್ಞರ ತೀರ್ಮಾನವನ್ನು ತಜ್ಞರ ತೀರ್ಮಾನದೊಂದಿಗೆ ಹೋಲಿಸಿ ನೋಡಿ ಪ್ರಕಟಿಸಿದರು. ನನಗೆ ಈ ಕೆಲಸದ ಮೇಲಿರುವ ಗೌರವ ಮುಖ್ಯವಾಗಿ ಆ ಹೋಲಿಕೆಗಾಗಿ.

ನಮ್ಮಲ್ಲಿ ಕಣ್ಣಿನ ಪರೀಕ್ಷೆಯ ದಿನ ಬೆಳಿಗ್ಗೆಯೇ ಕೆಲಸ ಶುರುವಾಗುತ್ತದೆ. ಕಣ್ಣಿನ ಬೊಂಬೆ ಅಗಲವಾಗಲು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹನಿ ಹಾಕಿ, ಕೆನ್ನೆಗೆ ಇಳಿದದ್ದನ್ನು ಹತ್ತಿಯಿಂದ ಒರೆಸಿ, ಕೈಕಾಲು ಆಡದಂತೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನೋವು ಮರೆಯಲೆಂದು ಬಾಯಿಗೆ ಎರಡು ಹನಿ ತಾಯಿಹಾಲು ಹಾಕುತ್ತೇವೆ. ರೆಪ್ಪೆ ಬಿಡಿಸಿ ಹಿಡಿಯುವ ಸಣ್ಣ ತಂತಿಯನ್ನು ಕಂಡರೆ ಅಜ್ಜಿಯಂದಿರು ಗಾಬರಿಯಾಗುತ್ತಾರೆ. ಅದಕ್ಕಾಗಿ ಮೊದಲೇ ಕೂರಿಸಿ ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂದು ಹೇಳಿಬಿಡುತ್ತೇನೆ.

ಮೊನ್ನೆ ಮೂರನೆಯ ವಾರ್ಮರ್‌ನ ಆ ಕೂಸಿನ ಸರದಿ ಬಂತು. ಪರದೆಯ ಮೇಲೆ ಕಿತ್ತಳೆ ಬಣ್ಣದ ನೆಲದಲ್ಲಿ ಎಳೆಯಾದ ಕೆಂಪು ಗೆರೆಗಳು ಕವಲೊಡೆಯುತ್ತ ಹೋಗಿ, ಅಂಚು ಇನ್ನೂ ದೂರವಿರುವಾಗಲೇ ಮುಗಿದಿದ್ದವು. ಆಚೆಗೆಲ್ಲ ಮಸುಕು. ಗಂಟುಕಟ್ಟಿದ ನಾಳವಿರಲಿಲ್ಲ, ಏಣು ಎದ್ದಿರಲಿಲ್ಲ. ತಂತ್ರಜ್ಞರು ಎರಡು ವಾರ ಬಿಟ್ಟು ಮತ್ತೆ ನೋಡಬೇಕು ಎಂದರು. ಕಾರ್ಡಿನಲ್ಲಿ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ತಾಯಿಯ ಕೈಗೆ ಕೊಟ್ಟು, "ಅಷ್ಟರೊಳಗ ಮನಿಗಿ ಹೋದ್ರೂ ಈ ದಿನ ಬರ್ಲಿಕ್ಕೇ ಬೇಕವ್ವ" ಎಂದೆ. ಆ ಹೊಸ ಹುಡುಗಿ ಅದೇ ದಿನಾಂಕವನ್ನು ನಮ್ಮ ರಿಜಿಸ್ಟರ್‌ನಲ್ಲೂ ಬರೆದುಕೊಂಡು, ತಂದೆಯ ಫೋನ್ ನಂಬರಿನ ಪಕ್ಕದಲ್ಲಿ ಅಜ್ಜಿಯ ನಂಬರನ್ನೂ ಕೇಳಿ ಸೇರಿಸಿದಳು.