ಕೀರವಾಣಿ ನುಡಿಸಿದರೆ ಸಾಲದೇ?

ನಾನು ಜಿಪ್ಸಿ ಜ್ಯಾಝ್ (ಫ್ರಾನ್ಸಿನಲ್ಲಿ ಬೆಳೆದ ಗಿಟಾರ್ ಪ್ರಧಾನ ಜ್ಯಾಝ್ ಶೈಲಿ) ಗಿಟಾರ್ ಅಭ್ಯಾಸ ಮಾಡುತ್ತೇನೆಂದು ತಿಳಿದ ಕೂಡಲೇ ಕರ್ನಾಟಕ ಸಂಗೀತ ಬಲ್ಲ ಸ್ನೇಹಿತರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಗಿಟಾರ್‌ವಾದಕ ಜಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿ 1937ರಲ್ಲಿ ಧ್ವನಿಮುದ್ರಿಸಿದ ‘ಮೈನರ್ ಸ್ವಿಂಗ್’ ಕೀರವಾಣಿ ರಾಗದಂತೆ ಕೇಳಿಸುತ್ತದೆ. ಹಾಗಿದ್ದಮೇಲೆ ಕೀರವಾಣಿಯಲ್ಲಿ ಕಲ್ಪನಾಸ್ವರ (ಆ ಕ್ಷಣದಲ್ಲೇ ಕಟ್ಟುವ ಸ್ವರಗಳು) ಹಾಕುವಂತೆ ನುಡಿಸುತ್ತ ಹೋದರೆ ಸಾಲದೇ, ಹಾರ್ಮನಿಯನ್ನು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪದ್ಧತಿಯನ್ನು, ಬೇರೆಯಾಗಿ ಏಕೆ ಕಲಿಯಬೇಕು?

ಅವರ ಕಿವಿ ತಪ್ಪಿಲ್ಲ. ಹಾರ್ಮೋನಿಕ್ ಮೈನರ್ ಎಂದು ಕರೆಯುವ ಸ್ಕೇಲಿನಲ್ಲಿರುವುದು ನಮ್ಮ 21ನೆಯ ಮೇಳವಾದ ಕೀರವಾಣಿಯ ಸ್ವರಗಳೇ. ಆದರೆ ಸಾಲುವುದಿಲ್ಲ, ಮತ್ತು ಏಕೆ ಸಾಲುವುದಿಲ್ಲವೆಂಬುದು ಆರನೆಯ ಸ್ವರವಾದ ಧೈವತ ಒಂದರಲ್ಲೇ ತಿಳಿಯುತ್ತದೆ. ‘ಮೈನರ್ ಸ್ವಿಂಗ್’ನ ಹದಿನಾರು ಬಾರ್‌ಗಳ (ನಾಲ್ಕೆಣಿಕೆಯ ಖಂಡಗಳ) ಆವರ್ತದಲ್ಲಿ ‘ಎ’ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳೋಣ. ಮೊದಲ ಕಾರ್ಡನ್ನು (ಒಟ್ಟಿಗೆ ಮೀಟುವ ಸ್ವರಗಳ ಗುಂಪನ್ನು) ಈ ಶೈಲಿಯವರು ಬರಿಯ ಮೈನರ್ ಆಗಿ ಹಿಡಿಯದೆ ಎ ಮೈನರ್ ಸಿಕ್ಸ್ ಆಗಿ ಹಿಡಿಯುತ್ತಾರೆ. ಅದರಲ್ಲಿರುವುದು ಕೀರವಾಣಿಯ ಶುದ್ಧ ಧೈವತಕ್ಕಿಂತ ಅರ್ಧ ಸ್ವರ ಮೇಲಿನ ಚತುಶ್ರುತಿ ಧೈವತ, ಅಂದರೆ ಅಲ್ಲಿ ನಾವು ಗೌರಿಮನೋಹರಿ ರಾಗದ ಅಂಗಳದಲ್ಲಿದ್ದೇವೆ. ಎರಡು ಬಾರ್ ಕಳೆದು ಡಿ ಮೈನರ್ ಸಿಕ್ಸ್ ಬಂದಾಗ ಶುದ್ಧ ಧೈವತ. ಅನಂತರದ ಇ ಸೆವೆನ್‌ನಲ್ಲಿ ಪಂಚಮ, ಕಾಕಲಿ ನಿಷಾದ, ರಿಷಭ, ಮಧ್ಯಮಗಳಿದ್ದು, ಕೀರವಾಣಿ ನಿಜವಾಗಿ ಹೊಂದುವುದು ಇಲ್ಲಿ. ಎಂಟನೆಯ ಬಾರ್‌ನಲ್ಲಿ ಕೆಲವರು ಎ ಸೆವೆನ್ ಸೇರಿಸಿ ಅಂತರ ಗಾಂಧಾರವನ್ನೂ ತಂದುಬಿಡುತ್ತಾರೆ. ರಾಗದ ದೃಷ್ಟಿಯಿಂದ ಇದು ಅಪಚಾರ. ಆದರೆ ಇಲ್ಲಿ ಸ್ವರಕ್ಕೆ ಅನುಮತಿ ಕೊಡುವುದು ರಾಗವಲ್ಲ, ಆ ಗಳಿಗೆಯ ಕಾರ್ಡ್. ಮೊದಲ ವರ್ಷ ನಾನೂ ಕೀರವಾಣಿಯನ್ನೇ ಉದ್ದಕ್ಕೂ ನುಡಿಸಿದವನು. ಪಕ್ಕದವರ ಗಿಟಾರಿನ ಚತುಶ್ರುತಿ ಧೈವತಕ್ಕೆ ನನ್ನ ಶುದ್ಧ ಧೈವತ ಉಜ್ಜುತ್ತಿದ್ದುದು, ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳಿದಾಗಷ್ಟೇ ಗೊತ್ತಾಯಿತು.

ಹಾಗೆಂದು ದಪ್ಪ ಥಿಯರಿ ಪುಸ್ತಕ ಹಿಡಿದು ಕೂರಬೇಕಿಲ್ಲ. ಜಾಂಗೊಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಅವರು ಹುಟ್ಟಿದ ಮನೂಷ್ ಎಂಬ ರೋಮಾ ಸಮುದಾಯದಲ್ಲಿ (ಫ್ರಾನ್ಸಿನಲ್ಲಿ ಈ ಸಂಗೀತಕ್ಕೆ ಜ್ಯಾಝ್ ಮನೂಷ್ ಎಂದೇ ಹೆಸರು, ಜಿಪ್ಸಿ ಎಂಬ ಪದ ಅನೇಕರಿಗೆ ನೋವುಂಟುಮಾಡುವಂಥದ್ದು) ಹಿರಿಯರ ಕೈ ನೋಡಿ, ಕಿವಿಯಿಂದ ಕಲಿಯುವುದೇ ರೂಢಿ. 1934ರಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಜಾಂಗೊ ಅವರ ತಂಡದಲ್ಲಿ ಡ್ರಮ್ಸ್ ಇರಲಿಲ್ಲ. ಲಯದ ಹೊಣೆಯೆಲ್ಲ ಬಾಸ್ ಮತ್ತು ಜೊತೆಗಿದ್ದ ಎರಡು ಗಿಟಾರ್‌ಗಳದು. ಎರಡನೆಯ ಮತ್ತು ನಾಲ್ಕನೆಯ ಎಣಿಕೆಯನ್ನು ಕತ್ತರಿಸಿದಂತೆ ಒತ್ತುವ ಆ ‘ಲಾ ಪೋಂಪ್’ ನಡೆಯನ್ನು ಕೆಲವು ತಿಂಗಳು ನುಡಿಸಿದರೆ ಕಾರ್ಡಿನ ಬದಲಾವಣೆ ಎಣಿಸದೆಯೇ ಮೈಗೆ ಹತ್ತುತ್ತದೆ. ಸೋಲೋಗೆ ಹಾತೊರೆಯುವವರು ದಾಟಿಹೋಗುವ ಹಂತವೇ ಇದು, ನನ್ನ ಮಟ್ಟಿಗೆ ಹಾರ್ಮನಿಯ ಪಾಠ ನಡೆದದ್ದು ಇಲ್ಲೇ.

ಆಮೇಲೆ ಅದೇ ಕಾರ್ಡನ್ನು ಬಿಡಿ ಸ್ವರಗಳಾಗಿ ಬಿಡಿಸುವುದು, ಅಂದರೆ ಆರ್ಪೆಜಿಯೊ. ಕಲಿಯಬೇಕಾದ ಆಕೃತಿಗಳು ಅಂದುಕೊಂಡಷ್ಟು ಇಲ್ಲ, ಏಕೆಂದರೆ ಒಂದೇ ಆಕೃತಿ ಹಲವು ಕಡೆ ದುಡಿಯುತ್ತದೆ: ಡಿ ಮೈನರ್ ಸಿಕ್ಸ್‌ನ ನಾಲ್ಕು ಸ್ವರಗಳೇ, ಬಾಸ್ ‘ಜಿ’ ಹಿಡಿದಾಗ, ಜಿ ನೈನ್ ಆಗಿ ಕೇಳುತ್ತವೆ. ಇ ಸೆವೆನ್ ಮೇಲೆ ಕಾಕಲಿ ನಿಷಾದದಿಂದ ಹೊರಡುವ ಡಿಮಿನಿಷ್ಡ್ ಆಕೃತಿಯಂತೂ ಮೂರು ಮೂರು ಫ್ರೆಟ್‌ಗಳಿಗೆ (ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲುಗಳಿಗೆ) ಅದೇ ಸ್ವರಗಳೊಡನೆ ಮರಳುವುದರಿಂದ, ಒಂದು ಕಡೆ ಕಲಿತರೆ ಇಡೀ ಕತ್ತು ಕಲಿತಂತೆ. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಕಿರುಬೆರಳು ಮತ್ತು ಉಂಗುರಬೆರಳು ಬಹುಮಟ್ಟಿಗೆ ನಿಶ್ಚಲವಾದ ಮೇಲೆ ಜಾಂಗೊ ಸೋಲೋಗಳನ್ನು ಉಳಿದೆರಡು ಬೆರಳುಗಳಲ್ಲೇ ನುಡಿಸಿದರೆಂಬುದನ್ನು ನೆನೆದರೆ, ಕತ್ತಿನುದ್ದಕ್ಕೂ ಜಾರುವ ಈ ಆಕೃತಿಗಳ ಬೆಲೆ ತಿಳಿಯುತ್ತದೆ.

ಕೇಳಿದವರಿಗೆ ನಾನು ಕೊಡುವ ಮೊದಲ ಅಭ್ಯಾಸವಿಷ್ಟೇ. ಎ ಮೈನರ್ ಸಿಕ್ಸ್ ಇರುವಾಗ ಚತುಶ್ರುತಿ ಧೈವತವೊಂದನ್ನೇ ಹಿಡಿಯಿರಿ. ಡಿ ಮೈನರ್ ಸಿಕ್ಸ್ ಬಂದೊಡನೆ ಒಂದು ಫ್ರೆಟ್ ಇಳಿದು ಶುದ್ಧ ಧೈವತಕ್ಕೂ, ಇ ಸೆವೆನ್ ಬಂದೊಡನೆ ಇನ್ನೊಂದು ಫ್ರೆಟ್ ಇಳಿದು ಪಂಚಮಕ್ಕೂ ಬನ್ನಿ. ಪಕ್ಕವಾದ್ಯವನ್ನು ನಿಲ್ಲಿಸಿದರೂ ಆ ಮೂರೇ ಸ್ವರಗಳಲ್ಲಿ ಕಾರ್ಡ್ ಬದಲಾದದ್ದು ಕಿವಿಗೆ ಬೀಳುವವರೆಗೆ ನಾಲ್ಕನೆಯ ಸ್ವರವನ್ನು ಸೇರಿಸಬೇಡಿ.